ಮದ್ದಿನ ಮನೆಯ ಕಾನೂನು: ಲಂಡನ್ನಿನ ಕಾಲುವೆಯಿಂದ ಹುಣಸೋಡಿನವರೆಗೆ

1874ರ ಅಕ್ಟೋಬರ್ 2ರ ನಸುಕಿನಲ್ಲಿ ಲಂಡನ್ನಿನ ರೀಜೆಂಟ್ಸ್ ಕಾಲುವೆಯಲ್ಲಿ ಸಾಗುತ್ತಿದ್ದ ‘ಟಿಲ್ಬರಿ’ ಎಂಬ ಸರಕು ದೋಣಿಯಲ್ಲಿ ಸಕ್ಕರೆ, ಕಾಫಿಗಳ ಜೊತೆಗೆ ಪೆಟ್ರೋಲಿಯಂ ಪೀಪಾಯಿಗಳೂ ಸುಮಾರು 5 ಟನ್ ಕೋವಿಮದ್ದೂ ಇದ್ದವು. ಪೀಪಾಯಿಯಿಂದ ಸೋರಿದ ಆವಿಗೆ ಬೆಂಕಿ ತಗುಲಿ, ಮ್ಯಾಕಲ್ಸ್‌ಫೀಲ್ಡ್ ಸೇತುವೆಯ ಅಡಿಯಲ್ಲೇ ದೋಣಿ ಸಿಡಿಯಿತು. ದೋಣಿಯಲ್ಲಿದ್ದ ಮೂವರು ಸತ್ತರು, ಸೇತುವೆ ಕುಸಿಯಿತು. ಅದೇ ಕಂಬಗಳನ್ನು ಮಗ್ಗುಲು ಬದಲಿಸಿ ಮತ್ತೆ ನಿಲ್ಲಿಸಿದ್ದರಿಂದ, ದೋಣಿ ಎಳೆಯುವ ಹಗ್ಗ ಉಜ್ಜಿ ಮೂಡಿದ ಗೆರೆಗಳು ಅವುಗಳ ಎರಡೂ ಬದಿಯಲ್ಲಿ ಇಂದಿಗೂ ಕಾಣುತ್ತವೆ.

ಮರುವರ್ಷವೇ ಬ್ರಿಟನ್ನಿನಲ್ಲಿ ಸ್ಫೋಟಕ ಕಾಯ್ದೆ ಬಂತು. ಅದನ್ನು ರೂಪಿಸುವಲ್ಲಿ ಮುಖ್ಯ ಪಾತ್ರ ವಹಿಸಿದ ಸೇನಾಧಿಕಾರಿ ವಿವಿಯನ್ ಮಜೆಂಡಿ. ಪರವಾನಗಿ, ದಾಸ್ತಾನಿನ ಮಿತಿ, ಜನವಸತಿಯಿಂದ ಅಂತರ, ತಪಾಸಣೆ ಎಂಬ ಅದರ ಚೌಕಟ್ಟೇ 1884ರ ಭಾರತೀಯ ಕಾಯ್ದೆಗೂ ಮಾದರಿಯಾಯಿತು. ಈ ಪುಟ್ಟ ಕಾಯ್ದೆ ಹೇಳುವುದು ಕಡಿಮೆ. ವಿವರಗಳೆಲ್ಲ ಅದರಡಿ ರಚಿಸುವ ನಿಯಮಗಳಲ್ಲಿರುತ್ತವೆ. ಈಗ ಜಾರಿಯಲ್ಲಿರುವ 2008ರ ನಿಯಮಗಳ ಪ್ರಕಾರ ದಾಸ್ತಾನು ಹೆಚ್ಚಿದಂತೆ ಮದ್ದಿನ ಮನೆಗೂ (ಸ್ಫೋಟಕದ ಉಗ್ರಾಣಕ್ಕೂ) ಊರಿಗೂ ನಡುವಿನ ಅಂತರ ಹೆಚ್ಚಬೇಕು, ಬಂದದ್ದು ಹೋದದ್ದು ಪುಸ್ತಕದಲ್ಲಿ ದಾಖಲಾಗಬೇಕು. ಇದರ ಉಸ್ತುವಾರಿ ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊ, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯದು. ಗೊಬ್ಬರವೂ ಆಗುವ, ಸ್ಫೋಟಕವೂ ಆಗುವ ಅಮೋನಿಯಂ ನೈಟ್ರೇಟಿಗೆ ಮಾತ್ರ ಪ್ರತ್ಯೇಕ ನಿಯಮ ಬರಲು 2012ರವರೆಗೆ ಕಾಯಬೇಕಾಯಿತು.

ಇಷ್ಟೆಲ್ಲ ಕಟ್ಟುಪಾಡು ಬಿಗಿಯಾಗಿ ಹಿಡಿಯುವುದು ಪರವಾನಗಿ ಪಡೆದವನನ್ನು. ಪಡೆಯದವನ ಪಾಲಿಗೆ ಉಳಿಯುವುದು ಶಿಕ್ಷೆಯ ಕಲಮು ಮಾತ್ರ, ಅದೂ ಬಹಳ ಸಡಿಲ. ಅಕ್ರಮವಾಗಿ ತಯಾರಿಸಿದರೆ 3 ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇಟ್ಟುಕೊಂಡರೆ 2 ವರ್ಷ, 3,000 ರೂಪಾಯಿ. 1908ರ ಸ್ಫೋಟಕ ವಸ್ತುಗಳ ಕಾಯ್ದೆ ಕಠಿಣವೇನೋ ಹೌದು, ಆದರೆ ಅದರ ಮುಖ್ಯ ಗುರಿ ಕೇಡು ಬಗೆಯುವವರು. ದುಡಿಮೆಯ ಹೆಸರಲ್ಲಿ ನಡೆಯುವ ಉದಾಸೀನವಲ್ಲ.

2021ರ ಜನವರಿ 21ರ ರಾತ್ರಿ ಶಿವಮೊಗ್ಗ ಬಳಿಯ ಹುಣಸೋಡಿನ ಕ್ವಾರಿ ಪ್ರದೇಶದಲ್ಲಿ ಸ್ಫೋಟಕ ಸಿಡಿದಾಗ, ಸುತ್ತಲಿನ ಜನ ಭೂಕಂಪವೆಂದೇ ಭಾವಿಸಿ ಮನೆಯಿಂದ ಹೊರಗೆ ಓಡಿಬಂದರು. ತಿಂಗಳು ಕಳೆಯುತ್ತಲೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಬಂಡೆ ಒಡೆಯಲು ಬಳಸುವ ಜಿಲೆಟಿನ್ ಕಡ್ಡಿಗಳು ಸಿಡಿದು ಆರು ಜನ ಸತ್ತರು. 1884ರ ಕಾಯ್ದೆಯ ಜಾಗಕ್ಕೆ ಹೊಸದನ್ನು ತರುವ, ದಂಡದ ಮೊತ್ತವನ್ನು ಏರಿಸುವ ಕರಡು ಮಸೂದೆಯನ್ನು ಕೇಂದ್ರ ಸರ್ಕಾರ ಪ್ರಕಟಿಸಿದ್ದು 2024ರಲ್ಲಿ.