ಓದುಗರ ಪ್ರಶ್ನೆ: ಗುಡ್ಡದಲ್ಲಿ ಮೊಬೈಲ್ ಸತ್ತರೆ ವಾಕಿಟಾಕಿ ಎಷ್ಟು ದೂರ ಹಿಡಿಯುತ್ತದೆ?

"ನಾವು ನಾಲ್ಕು ಮಂದಿ ಗೆಳೆಯರು ರಜಾ ಬಂತಂದ್ರ ಸಂಡೂರು ಗುಡ್ಡ, ಆನೆಗೊಂದಿ, ಜಲದುರ್ಗ ಅಂತ ತಿರುಗತೀವಿ. ಕಣಿವಿಗೆ ಇಳಿದ್ರ ಮೊಬೈಲ್ ಸಿಗ್ನಲ್ ಹೋಗತದ. ಡಬ್ಬಿ ಮ್ಯಾಲ ಹತ್ತು ಕಿಲೋಮೀಟರ್ ಅಂತ ಬರದಿರೋ ವಾಕಿಟಾಕಿ ಜೋಡಿ ತಗೊಂಡ್ರ ಸಾಕೇನ್ರಿ? ಹ್ಯಾಮ್ ರೇಡಿಯೋ ಅಂತಾರಲ್ಲ, ಅದು ಬ್ಯಾರೇನಾ?"
– ಸಿಂಧನೂರಿನ ಓದುಗರು

ಆ ಹತ್ತು ಕಿಲೋಮೀಟರ್ ಪೂರ್ತಿ ಸುಳ್ಳಲ್ಲ. ಅದೇ ಅದರ ತೊಂದರೆ. ಸೆಟ್ಟನ್ನು ಎದೆಮಟ್ಟಕ್ಕೆ, ಅಂದರೆ ನೆಲದಿಂದ ಒಂದೂವರೆ ಮೀಟರ್ ಎತ್ತರಕ್ಕೆ ಹಿಡಿದರೆ ಸುಮಾರು 5 ಕಿ.ಮೀ. ಆದ ಮೇಲೆ ಭೂಮಿಯ ಉಬ್ಬು ಅಡ್ಡ ಬರುತ್ತದೆ. ಆ ಕಡೆಯವರ ಪಾಲಿನದ್ದೂ 5. ಕೂಡಿಸಿದರೆ ಹತ್ತು. ಆದರೆ ನಡುವೆ ಒಂದು ಮನೆ, ಒಂದು ಏರಿ, ಒಂದು ಜಾಲಿ ಪೊದೆಯೂ ಇರಬಾರದು. ನಿಮ್ಮ ಸಿಂಧನೂರಿನ ಗದ್ದೆ ಬಯಲಲ್ಲೇ ಎರಡು-ಮೂರು ಕಿ.ಮೀ. ದಾಟುತ್ತಲೂ ನನ್ನ ಸೆಟ್ಟು ಕರಕರ ಅಂದಿದೆ.

ಲೆಕ್ಕ ಗೊತ್ತಿದ್ದರೆ ಡಬ್ಬಿ ಓದುವ ಗೊಡವೆಯೇ ಬೇಡ. ಎತ್ತರವನ್ನು ಮೀಟರಿನಲ್ಲಿ ಹಿಡಿದು, ವರ್ಗಮೂಲ ತೆಗೆದು, 4.1ರಿಂದ ಗುಣಿಸಿ. ಬಂದದ್ದು ಕಿಲೋಮೀಟರ್. ಸುತ್ತಲಿನ ಬಯಲಿಗಿಂತ 100 ಮೀಟರ್ ಎತ್ತರದ ಗುಡ್ಡದ ನೆತ್ತಿಯಲ್ಲಿ ನಿಂತರೆ 41 ಕಿ.ಮೀ. ಸೆಟ್ಟು ಅದೇ, ಬ್ಯಾಟರಿ ಅದೇ. ಹೀಗಾಗಿ ಐದು ವಾಟ್ ಬಿಟ್ಟು ಎಂಟು ವಾಟಿನ ಸೆಟ್ಟು ಹುಡುಕುವವರನ್ನು ಕಂಡರೆ, ಆ ದುಡ್ಡಿಗೆ ಒಂದು ಜೋಡಿ ಒಳ್ಳೆಯ ಬೂಟು ಕೊಳ್ಳಿ, ಇನ್ನೂ ಐವತ್ತು ಮೆಟ್ಟಿಲು ಹತ್ತುತ್ತೀರಿ ಅನ್ನುತ್ತೇನೆ.

ಆನೆಗೊಂದಿ ಕಡೆ ಇದನ್ನು ಕಣ್ಣಾರೆ ನೋಡಬಹುದು. ಒಮ್ಮೆ ಅಲ್ಲಿ ಎರಡು ಬಂಡೆಗಳ ಸಂದಿನಲ್ಲಿ, ನೆರಳಿದೆಯೆಂದು ಕೂತು ಕರೆದೆ. ಗಂಗಾವತಿಯಲ್ಲಿ ಮಾಳಿಗೆ ಹತ್ತಿ ಕಾಯುತ್ತಿದ್ದ ಗೆಳೆಯನಿಗೆ ಏನೂ ಕೇಳಲಿಲ್ಲ. ನಾವು ಹ್ಯಾಮ್‌ಗಳು, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋದವರು, ಬಳಸುವ 144–146 ಮೆಗಾಹರ್ಟ್ಸ್ ತರಂಗದ ಉದ್ದ ಸುಮಾರು 2 ಮೀಟರ್. ಮನೆ ಗಾತ್ರದ ಕಗ್ಗಲ್ಲು ಎದುರಾದರೆ ಅದು ಸುತ್ತಿಬಳಸಿ ಹೋಗುವುದು ಕಡಿಮೆ. ಚಪ್ಪಲಿ ಕಳೆದು ಅದೇ ಬಂಡೆಯ ಮೇಲೆ ಹತ್ತಿದೆ. ಸೆಟ್ಟನ್ನು ಒಂದು ವಾಟಿಗೆ ಇಳಿಸಿಯೇ ಕರೆದೆ. "ಪಕ್ಕದ ಮನಿಯಿಂದ ಮಾತಾಡಿದಂಗ ಅದ" ಅಂತ ಉತ್ತರ ಬಂತು.

ಸೆಟ್ಟಿನ ಜೊತೆ ಬರುವ ಗಿಡ್ಡ ರಬ್ಬರ್ ಆಂಟೆನಾ ಜೇಬಿಗೆ ಅನುಕೂಲ, ತರಂಗಕ್ಕಲ್ಲ. ಅದಕ್ಕೊಂದು ಬಾಲ ಕಟ್ಟಿ: ಸುಮಾರು 50 ಸೆಂ.ಮೀ. ವೈರು, ಅಂದರೆ ತರಂಗದ ಕಾಲು ಭಾಗ. ತುದಿಯ ಪ್ಲಾಸ್ಟಿಕ್ ಸುಲಿದು, ಆಂಟೆನಾ ತಿರುಗಿಸಿ ಕೂರಿಸುವ ಬುಡದ ಹೊರಲೋಹಕ್ಕೆ ತಾಗುವಂತೆ ಸುತ್ತಿ, ಉಳಿದದ್ದನ್ನು ಕೆಳಗೆ ಜೋತುಬಿಡಿ. ಹತ್ತು ರೂಪಾಯಿಯ ವೈರಿನಿಂದ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ.

ಸಂಡೂರಿನ ಕಥೆ ಬೇರೆ. ಅಲ್ಲಿ ಕಣಿವೆಯ ತಳದಲ್ಲಿ ಬಿಡಾರ ಹೂಡಿದವರಿಗೆ ಎರಡೂ ಕಡೆ ಅದಿರಿನ ಗುಡ್ಡದ ಗೋಡೆ. ಯಾವ ಕೈಸೆಟ್ಟೂ ಅದನ್ನು ತೂರಿ ಹೋಗದು. ಆಗ ತರಂಗವನ್ನು ಅಡ್ಡಕ್ಕಲ್ಲ, ನೆಟ್ಟಗೆ ಮೇಲಕ್ಕೆ ಎಸೆಯಬೇಕು. 7 ಮೆಗಾಹರ್ಟ್ಸ್ ಸೆಟ್ಟಿಗೆ ಹತ್ತು ಹತ್ತು ಮೀಟರಿನ ಎರಡು ವೈರು ಜೋಡಿಸಿ, ಎರಡು ಬೇವಿನ ಮರಗಳ ನಡುವೆ ಬಟ್ಟೆ ಒಣಹಾಕುವ ತಂತಿಯಂತೆ ಮೂರು-ನಾಲ್ಕು ಮೀಟರ್ ಎತ್ತರಕ್ಕೆ ಕಟ್ಟುತ್ತೇವೆ. ಆಂಟೆನಾ ಎತ್ತರವಿದ್ದಷ್ಟೂ ಒಳ್ಳೆಯದು ಅಂತ ಈಗಷ್ಟೇ ಹೇಳಿದವನು ನಾನೇ. ಇಲ್ಲಿ ಮಾತ್ರ ತಗ್ಗಿದ್ದರೇ ಲಾಭ. ತರಂಗ ಮೇಲೆ ಹೋಗಿ, ಭೂಮಿಯಿಂದ ಇನ್ನೂರು-ಮುನ್ನೂರು ಕಿ.ಮೀ. ಎತ್ತರದ ಅಯಾನುಗೋಳಕ್ಕೆ (ವಾತಾವರಣದ ಮೇಲಿನ ವಿದ್ಯುತ್ ಕಣಗಳ ಪದರಕ್ಕೆ) ತಾಗಿ, ಮಳೆ ಸುರಿದಂತೆ ಸುತ್ತಲಿನ ನೂರಾರು ಕಿ.ಮೀ.ಗೆ ಇಳಿಯುತ್ತದೆ. ಹಗಲಿನಲ್ಲಿ ಕಣಿವೆಯಿಂದ ಬೆಂಗಳೂರು ಸಿಗುತ್ತದೆ, ಗುಡ್ಡದಾಚೆಯ ಹಳ್ಳಿಯೂ ಸಿಗುತ್ತದೆ. ಸೆಟ್ಟು, 12 ವೋಲ್ಟಿನ ಬ್ಯಾಟರಿ ಎರಡನ್ನೂ ಹೊರಬೇಕು. ಒಂದು ದಿನದ ತಿರುಗಾಟಕ್ಕೆ ಇಷ್ಟೆಲ್ಲ ಬೇಡ.

ಇನ್ನು ಕಾನೂನು. ಡಬ್ಬಿಯ ವಾಕಿಟಾಕಿ ಬೇರೆ, ಹ್ಯಾಮ್ ಬೇರೆ. ಹ್ಯಾಮ್ ರೇಡಿಯೋ ಬಳಸಲು ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯಬೇಕು. 12 ವರ್ಷ ತುಂಬಿದವರು ಬರೆಯಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ (ಚುಕ್ಕೆ-ಗೆರೆಯ ಸಂಕೇತ) ಬೇಡ. ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದದ ವೇಗದಲ್ಲಿ ಮೋರ್ಸ್ ಬರಬೇಕು. ಓಮನ ನಿಯಮ, ಒಂದಿಷ್ಟು ಸರ್ಕ್ಯೂಟ್, ಒಂದಿಷ್ಟು ಕಾಯಿದೆ – ಪಿಯುಸಿ ವಿಜ್ಞಾನ ಓದಿದವರಿಗೆ ಒಂದೆರಡು ತಿಂಗಳ ಸಂಜೆಗಳು ಸಾಕು. ನಾಲ್ವರು ಹೋಗುವುದಾದರೆ ನಾಲ್ವರೂ ಬರೆಯಿರಿ. ಸೆಟ್ಟು ಹಿಡಿದು ಮಾತಾಡುವ ಪ್ರತಿಯೊಬ್ಬರಿಗೂ ಲೈಸೆನ್ಸ್ ಬೇಕು, ಮತ್ತು ಇದರಲ್ಲಿ ವ್ಯಾಪಾರದ ಮಾತು ಆಡುವಂತಿಲ್ಲ. ಅಷ್ಟೆಲ್ಲ ಆಗದಿದ್ದರೆ ಲೈಸೆನ್ಸ್ ಬೇಡದ 865–868 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಸೆಟ್ಟುಗಳಿವೆ. ಮುಂದೆ ನಡೆಯುವವರಿಗೂ ಹಿಂದೆ ಉಳಿದವರಿಗೂ ನಡುವೆ ಅವು ಸಾಕು. ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂದ ಮಾತ್ರಕ್ಕೆ ಬೇರೆ ವಾಕಿಟಾಕಿ ಕಾನೂನಿನೊಳಗೆ ಬರುವುದಿಲ್ಲ. ಸ್ಯಾಟಲೈಟ್ ಫೋನಿನ ಆಸೆ ಬಿಡಿ, ಅನುಮತಿಯಿಲ್ಲದೆ ಇಟ್ಟುಕೊಂಡರೆ ಪೊಲೀಸ್ ಕೇಸು.

ಇಷ್ಟಾದರೂ ಆ ಕಡೆ ಕಿವಿಗೊಡುವವರು ಇಲ್ಲದಿದ್ದರೆ ಕರೆದದ್ದೆಲ್ಲ ಗಾಳಿಗೆ. 2004ರ ಡಿಸೆಂಬರಿನಲ್ಲಿ ಹ್ಯಾಮ್ ಭಾರತಿ ಪ್ರಸಾದ್ ಅವರ ತಂಡ ಪೋರ್ಟ್ ಬ್ಲೇರಿನಲ್ಲಿ ಹವ್ಯಾಸಕ್ಕೆಂದು ಸ್ಟೇಷನ್ ಹೂಡಿತ್ತು. 26ರಂದು ಸುನಾಮಿ ಬಡಿದು ಫೋನು ಸತ್ತಾಗ ಅಂಡಮಾನಿನ ಸುದ್ದಿ ಅದೇ ಸ್ಟೇಷನ್ನಿನಿಂದ ದಾಟಿತು. ಇತ್ತ ಹೊರನಾಡಿನ ಹ್ಯಾಮ್‌ಗಳು ಆಗಲೇ ಅವರ ಕರೆಗೆ ಕಾದು ಕೂತಿದ್ದರು. ನಮಗೆ ಅಷ್ಟು ದೊಡ್ಡದು ಬೇಡ. ಹೊರಡುವ ಮುಂಚೆ ಊರಲ್ಲಿರುವ ಒಬ್ಬ ಹ್ಯಾಮ್‌ಗೆ ಫ್ರೀಕ್ವೆನ್ಸಿ ಹೇಳಿ, "ಪ್ರತಿ ಗಂಟೆಯ ಮೊದಲ ಐದು ನಿಮಿಷ ಕೇಳಿ" ಅನ್ನಿ. ಉಳಿದ ಹೊತ್ತು ಸೆಟ್ಟು ಆಫ್, ಬ್ಯಾಟರಿಯೂ ಉಳಿಯುತ್ತದೆ. ಜಲದುರ್ಗಕ್ಕಂತೂ ಇದನ್ನು ತಪ್ಪಿಸಬೇಡಿ. ನಾರಾಯಣಪುರ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟರೆ ಕೃಷ್ಣೆಯ ಆ ನಡುಗಡ್ಡೆ ಕಡೆಯ ದಾರಿ ಮುಳುಗುತ್ತದೆ. ನೀರು ಬಿಟ್ಟ ಸುದ್ದಿ ಮೊದಲು ಸಿಗುವುದು ಊರಲ್ಲಿ ಕೂತವನಿಗೆ. ಇನ್ನೊಂದು: ಮೊಬೈಲಿನ ಪರದೆ ಮೇಲೆ 'ಎಮರ್ಜೆನ್ಸಿ ಕಾಲ್ಸ್ ಓನ್ಲಿ' ಅಂತ ಬಂದರೆ ಬೇರೆ ಕಂಪನಿಯ ಟವರ್ ಸಿಗುತ್ತಿದೆ ಎಂದರ್ಥ. ಅಪಾಯವಿದ್ದರೆ ಮೊದಲು 112 ಒತ್ತಿ.

ಲೈಸೆನ್ಸಿನ ಪ್ರತಿ ಚೀಲದಲ್ಲಿರಲಿ. ಒಮ್ಮೆ ಚೆಕ್‌ಪೋಸ್ಟಿನಲ್ಲಿ ನನ್ನ ಸೊಂಟದ ಸೆಟ್ಟು ಕಂಡ ಪೇದೆಯೊಬ್ಬರು ಬೈಕು ನಿಲ್ಲಿಸಿದರು. "ಏನ್ರಿ ಸರ, ಇದು ನಮ್ಮ ಇಲಾಖೆದೇನು?" ಕಾಗದ ತೋರಿಸಿದೆ. ತಿರುವಿ ಮುರುವಿ ಓದಿ, ವಾಪಸ್ ಕೊಟ್ಟು, "ಎಲ್ಲೀತನ ಹಿಡಿತದ್ರಿ?" ಅಂದರು. ಗುಡ್ಡ ಹತ್ತಿದರೆ ದೂರ, ಇಳಿದರೆ ಏನಿಲ್ಲ ಅಂದೆ. "ನಮ್ಮದೂ ಹಂಗ ಅದ ನೋಡ್ರಿ" ಎಂದು ಪಕ್ಕದ ಆಲದ ಕಟ್ಟೆ ತೋರಿಸಿದರು. "ಅದರ ಮ್ಯಾಲ ಹತ್ತಿ ನಿಂತರ ಠಾಣೆಗೆ ಕೇಳತದ."