ಕುರ್ಚಿ ಖಾಲಿ ಇದ್ದರೆ ಹುದ್ದೆಯೂ ಖಾಲಿ ಇದೆಯಾ?

ಓದುಗರ ಪ್ರಶ್ನೆ: ವಿಜಯನಗರದ ಪಿಜಿಯಲ್ಲಿದ್ದು ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಗೆ ಓದುತ್ತಿದ್ದೇನೆ. ಬೆಂಗಳೂರು ಬೆಳೆಯುತ್ತಿದೆ, ಇಲಾಖೆಗಳ ಕೆಲಸವೂ ಬೆಳೆಯುತ್ತಿದೆ. ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಜಾಸ್ತಿ ಹುದ್ದೆ ಖಾಲಿ ಇವೆ ಅಂತ ಸರ್ಕಾರವೇ ಹೇಳುತ್ತದೆ. ಮತ್ತೆ ಯಾಕೆ ತುಂಬುವುದಿಲ್ಲ?

ಉತ್ತರ: ಮೊದಲು ಕುರ್ಚಿಯ ಲೆಕ್ಕ ಬಿಡಿ. ಹುದ್ದೆ ಇರುವುದು ಕಾಗದದ ಮೇಲೆ. ನಾನು ಕೆಲಸ ಮಾಡಿದ ಒಂದು ಕಚೇರಿಯಲ್ಲಿ ಮೇಜುಗಳೆಲ್ಲ ಭರ್ತಿ, ಮಧ್ಯಾಹ್ನ ಊಟಕ್ಕೆ ಕೂರಲು ಜಾಗ ಇರಲಿಲ್ಲ. ಆದರೆ ವರದಿಯಲ್ಲಿ ಹುದ್ದೆ ಖಾಲಿ. ಹೇಗೆ ಅಂದರೆ, ಅಲ್ಲಿದ್ದ ಹಲವರು ಬೇರೆ ಜಿಲ್ಲೆಯಿಂದ ನಿಯೋಜನೆ ಮೇಲೆ ಬಂದವರು. ಅವರ ಹುದ್ದೆ, ಸಂಬಳ ಎರಡೂ ಊರಿನಲ್ಲಿ, ಮನುಷ್ಯರು ಮಾತ್ರ ಬೆಂಗಳೂರಿನಲ್ಲಿ. ಆ ಊರಿನ ಕಚೇರಿಗೆ ಹೋದವರಿಗೆ ಖಾಲಿ ಕುರ್ಚಿ ಕಾಣುತ್ತದೆ, ಆದರೆ ಅಲ್ಲಿ ಭರ್ತಿ ಮಾಡಲು ಹುದ್ದೆಯೇ ಇಲ್ಲ! ಇನ್ನು ನಿಜವಾಗಿ ಖಾಲಿ ಇರುವುದರಲ್ಲೂ ಒಂದು ಪಾಲು ಬಡ್ತಿಯಿಂದ ತುಂಬಬೇಕಾದದ್ದು. ಅದಕ್ಕೆ ನೀವು ಅರ್ಜಿ ಹಾಕುವಂತಿಲ್ಲ. ಯಾವ ಹುದ್ದೆಗೆ ನೇರ ನೇಮಕಾತಿ, ಯಾವುದಕ್ಕೆ ಬಡ್ತಿ, ಎಷ್ಟೆಷ್ಟು ಪಾಲು ಅನ್ನುವುದೆಲ್ಲ ಆ ಇಲಾಖೆಯ ವೃಂದ (ಕೇಡರ್) ಮತ್ತು ನೇಮಕಾತಿ ನಿಯಮದಲ್ಲಿರುತ್ತದೆ.

ಊರು ಬೆಳೆದ ಮಾತ್ರಕ್ಕೆ ಹುದ್ದೆ ಬೆಳೆಯುವುದಿಲ್ಲ. 2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿ ಸೇರಿಸಿ ಬಿಬಿಎಂಪಿ ಮಾಡಿದರು. 2025ರ ಸೆಪ್ಟೆಂಬರ್‌ನಲ್ಲಿ ಅದೇ ಊರು ಐದು ಪಾಲಿಕೆಯಾಯಿತು. ಇಂಥ ಹೊತ್ತಲ್ಲಿ ಯಾವ ಆಡಳಿತವಾದರೂ ಮೊದಲು ಮಾಡುವುದು ಇರುವ ಸಿಬ್ಬಂದಿಯನ್ನೇ ಹಂಚಿಕೊಳ್ಳುವುದು. ಹೊಸ ಹುದ್ದೆ ಬೇಕೆಂದರೆ ಅದಕ್ಕೆ 'ಹುದ್ದೆ ಸೃಜನೆ' ಅಂತ ಬೇರೆಯೇ ಕಡತ ಏಳಬೇಕು, ಆರ್ಥಿಕ ಇಲಾಖೆ ಒಪ್ಪಬೇಕು. ಹಳೆ ಹುದ್ದೆ ತುಂಬಲೂ ಅವರ ಸಹಮತಿ ಬೇಕು. ಒಬ್ಬರನ್ನು ತೆಗೆದುಕೊಂಡರೆ ಮೂವತ್ತು ವರ್ಷದ ಸಂಬಳ ತಲೆ ಮೇಲೆ ಬಂತು ಅಂತಲೇ ಅವರು ನೋಡುವುದು. ಹಾಗಾಗಿ ಕಡತ ವಾಪಸ್ ಬರುವಾಗ ಒಂದು ಮಾಮೂಲಿ ಪ್ರಶ್ನೆ ಹೊತ್ತು ಬರುತ್ತದೆ: ಹೊರಗುತ್ತಿಗೆಯಲ್ಲಿ ಆಗುವುದಿಲ್ಲವೇ?

ಸಹಮತಿ ಸಿಕ್ಕಿತು ಅಂತಿಟ್ಟುಕೊಳ್ಳಿ. ಅಸಲಿ ಕಸರತ್ತು ಈಗ ಶುರು. ಅದರ ಹೆಸರು ರೋಸ್ಟರ್. ನೂರು ಬಿಂದುಗಳ ಒಂದು ಪಟ್ಟಿ, ಪ್ರತಿ ಬಿಂದುವೂ ಒಂದೊಂದು ವರ್ಗಕ್ಕೆ. 2022ರ ಬದಲಾವಣೆಯ ಪ್ರಕಾರ ಪರಿಶಿಷ್ಟ ಜಾತಿಗೆ 17, ಪಂಗಡಕ್ಕೆ 7 ಆಯಿತು, ಹಿಂದುಳಿದ ವರ್ಗಗಳಿಗೆಲ್ಲ ಸೇರಿ 32. ಅದರೊಳಗೇ ಮಹಿಳೆ, ಗ್ರಾಮೀಣ, ಕನ್ನಡ ಮಾಧ್ಯಮ, ಮಾಜಿ ಸೈನಿಕ, ಅಂಗವಿಕಲ. 2021ರಿಂದ ತೃತೀಯ ಲಿಂಗಿಗಳಿಗೆ ಶೇ 1. ಜೊತೆಗೆ ಸಂವಿಧಾನದ 371ಜೆ ವಿಧಿ ಪ್ರಕಾರ ಕಲ್ಯಾಣ ಕರ್ನಾಟಕದ್ದೇ ಬೇರೆ ಪಟ್ಟಿ, ಉಳಿಕೆ ಮೂಲ ವೃಂದದ್ದೇ (ಅಂದರೆ ರಾಜ್ಯದ ಉಳಿದ ಭಾಗದ್ದೇ) ಬೇರೆ. ಕಳೆದ ನೇಮಕಾತಿ 43ನೇ ಬಿಂದುವಿಗೆ ನಿಂತಿದ್ದರೆ ಈ ಸಲ 44ರಿಂದಲೇ ಶುರುವಾಗಬೇಕು. ಹತ್ತು ವರ್ಷದ ಹಿಂದೆ ಎಲ್ಲಿಗೆ ನಿಂತಿತ್ತು? ರಿಜಿಸ್ಟರ್ ಬರೆದವರು ನಿವೃತ್ತರಾಗಿರುತ್ತಾರೆ. ರಿಜಿಸ್ಟರ್ ಸಿಕ್ಕಿದರೆ ಪುಣ್ಯ. ಒಂದು ಬಿಂದು ತಪ್ಪಿದರೂ ಯಾರಾದರೊಬ್ಬರು ಕೆಎಟಿಗೆ (ಸರ್ಕಾರಿ ನೌಕರಿಯ ವ್ಯಾಜ್ಯ ನೋಡುವ ರಾಜ್ಯ ಆಡಳಿತ ನ್ಯಾಯಮಂಡಳಿಗೆ) ಹೋಗುತ್ತಾರೆ. ಹೋಗಬೇಕಾದದ್ದೇ ಅಲ್ವಾ, ಅವರ ಹೊಟ್ಟೆಪಾಡು ಅದು.

ಇಷ್ಟು ಮಾಡಿ ಮುಗಿಸುವಷ್ಟರಲ್ಲಿ ನಿಯಮವೇ ಬದಲಾಗಿರುತ್ತದೆ. 2022ರಲ್ಲಿ ಪರಿಶಿಷ್ಟ ಜಾತಿಯ ಮೀಸಲಾತಿ 15ರಿಂದ 17ಕ್ಕೆ, ಪಂಗಡದ್ದು 3ರಿಂದ 7ಕ್ಕೆ ಏರಿತು, ರೋಸ್ಟರ್ ಹೊಸದಾಗಿ ಹಾಕಬೇಕಾಯಿತು. 2024ರ ಅಕ್ಟೋಬರ್ ಕೊನೆಯಲ್ಲಿ, ಒಳಮೀಸಲಾತಿ (ಪರಿಶಿಷ್ಟ ಜಾತಿಯ ಪಾಲನ್ನು ಅದರೊಳಗಿನ ಜಾತಿಗಳಿಗೆ ಹಂಚುವುದು) ತೀರ್ಮಾನ ಆಗುವವರೆಗೆ ಹೊಸ ಅಧಿಸೂಚನೆ ಬೇಡ ಅಂತ ಸಂಪುಟ ನಿರ್ಧರಿಸಿತು. ಅದಕ್ಕಾಗಿ ರಚಿಸಿದ ನಾಗಮೋಹನ ದಾಸ್ ಆಯೋಗದ ವರದಿ ಬಂದದ್ದು 2025ರ ಆಗಸ್ಟ್‌ನಲ್ಲಿ. ಒಳಮೀಸಲಾತಿ ಬೇಡ ಅಂತ ನಾನು ಹೇಳುತ್ತಿಲ್ಲ, ದಶಕಗಳ ಬೇಡಿಕೆ ಅದು. ಆದರೆ ಅಷ್ಟೂ ತಿಂಗಳು ವಿಜಯನಗರದ ಪಿಜಿ ಬಾಡಿಗೆ ನಿಂತಿರಲಿಲ್ಲ, ವಯಸ್ಸೂ ನಿಂತಿರಲಿಲ್ಲ.

ಪರೀಕ್ಷೆಯ ಕಥೆ ನಿಮಗೇ ಗೊತ್ತು, ಜಾಸ್ತಿ ಹೇಳುವುದಿಲ್ಲ. 545 ಪಿಎಸ್ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ ಅಕ್ರಮದಿಂದ ರದ್ದಾಗಿ, ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಅದಾದ ಮೇಲೂ ತಾತ್ಕಾಲಿಕ ಪಟ್ಟಿ, ಆಕ್ಷೇಪಣೆ, ಅಂತಿಮ ಪಟ್ಟಿ, ಜಾತಿ ಪ್ರಮಾಣಪತ್ರದ ಸಿಂಧುತ್ವ, ಪೊಲೀಸ್ ಪರಿಶೀಲನೆ ಅಂತ ಸಾಲು ಇದ್ದೇ ಇದೆ.

ಅಷ್ಟರವರೆಗೆ ಕೆಲಸ ಮಾಡುವವರು ಯಾರು? ಹೊರಗುತ್ತಿಗೆಯವರು. ಅವರನ್ನೇ ಕಾಯಂ ಮಾಡಿಬಿಡಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ಸುಲಭವಲ್ಲ. ನೇಮಕಾತಿ ನಿಯಮ ಬಿಟ್ಟು ಹಿಂಬಾಗಿಲಿನಿಂದ ಬಂದವರಿಗೆ ಕಾಯಂ ಆಗುವ ಹಕ್ಕಿಲ್ಲ ಅಂತ ಸುಪ್ರೀಂ ಕೋರ್ಟ್ 2006ರ ಏಪ್ರಿಲ್ 10ರಂದು ಉಮಾದೇವಿ ಪ್ರಕರಣದಲ್ಲಿ ಹೇಳಿತು. ಅದು ನಮ್ಮದೇ ರಾಜ್ಯದ ಕೇಸು, ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರದ್ದು.

ಇನ್ನು ನೀವು ಮಾಡಬಹುದಾದದ್ದು. 'ಸಾವಿರ ಹುದ್ದೆ ಶೀಘ್ರ ಭರ್ತಿ' ಅಂತ ಸಚಿವರು ಹೇಳಿದ ದಿನದಿಂದ ದಿನ ಎಣಿಸಬೇಡಿ. ಆರ್ಥಿಕ ಇಲಾಖೆ ಸಹಮತಿಯ ಆದೇಶ ಬಂತಾ, ಪ್ರಸ್ತಾವನೆ ಪರೀಕ್ಷೆ ನಡೆಸುವ ಕೆಪಿಎಸ್‌ಸಿಗೋ (ಲೋಕಸೇವಾ ಆಯೋಗ) ಕೆಇಎಗೋ (ಪರೀಕ್ಷಾ ಪ್ರಾಧಿಕಾರ) ಹೋಯಿತಾ ನೋಡಿ. ಗೊತ್ತಾಗದಿದ್ದರೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಕೇಳಿ. ಒಂದೇ ವಿಷಯ, 150 ಪದದೊಳಗೆ. 'ಯಾವಾಗ ತುಂಬುತ್ತೀರಿ' ಅಂತ ಕೇಳಿದರೆ 'ಪರಿಶೀಲನೆಯಲ್ಲಿದೆ' ಅಂತಷ್ಟೇ ಉತ್ತರ ಬರುತ್ತದೆ. ಅದರ ಬದಲು ಈ ವೃಂದದ ರೋಸ್ಟರ್ ರಿಜಿಸ್ಟರ್‌ನ ಪ್ರತಿ ಕೊಡಿ ಅಂತ ಬರೆಯಿರಿ.