ಆಸ್ಪತ್ರೆಯ ಆಕ್ಸಿಜನ್ ಎಲ್ಲಿಗೆ ಹೋಗುತ್ತದೆ?

ಆಸ್ಪತ್ರೆಯಲ್ಲಿ ಹಾಸಿಗೆಯ ಹಿಂದಿನ ಗೋಡೆಗೆ, ಹರಿವನ್ನು ಹೆಚ್ಚುಕಡಿಮೆ ಮಾಡುವ ಫ್ಲೋಮೀಟರ್ ಸಿಕ್ಕಿಸಿದರೆ ಸಾಕು, ಆಕ್ಸಿಜನ್ ಬರುತ್ತದೆ. ಗೋಡೆಯೊಳಗಿನ ಪೈಪಿನಲ್ಲಿ ಹಗಲೂ ರಾತ್ರಿ ಸುಮಾರು 4 ಬಾರ್ ಒತ್ತಡ ಇರುತ್ತದೆ. ಅದು ಇಳಿದರೆ ಅಲಾರಂ ಹೊಡೆಯುತ್ತದೆ. ಪ್ರಾಣ ಉಳಿಸುವ ಏರ್ಪಾಡು ಅದು, ನಿಜ. ಆದರೆ ಎಷ್ಟು ಆಕ್ಸಿಜನ್ ಖರ್ಚಾಗುತ್ತಿದೆ ಅನ್ನುವುದು ಒತ್ತಡ ನೋಡಿದರೆ ಗೊತ್ತಾಗುವುದಿಲ್ಲ. ಒತ್ತಡವನ್ನು ಒಂದೇ ಮಟ್ಟದಲ್ಲಿ ಇಡುವುದೇ ರೆಗ್ಯುಲೇಟರ್ ಕೆಲಸ ಅಲ್ವಾ? ಹತ್ತು ಜನ ಬಳಸಲಿ, ಐವತ್ತು ಜನ ಬಳಸಲಿ, ಗೇಜಿನ ಮುಳ್ಳು ಹೆಚ್ಚುಕಡಿಮೆ ಅಲ್ಲೇ ನಿಂತಿರುತ್ತದೆ. ಎಲ್ಲೋ ಸಣ್ಣಗೆ ಸೋರುತ್ತಿದ್ದರೂ ಅಲ್ಲೇ ಇರುತ್ತದೆ.

ಖರ್ಚು ತಿಳಿಯಬೇಕಾದರೆ ಹರಿವನ್ನು ಅಳೆಯಬೇಕು. ಮುಖ್ಯ ಪೈಪಿಗೊಂದು ಮೀಟರ್, ವಾರ್ಡಿಗೊಂದು ಮೀಟರ್ ಹಾಕಬೇಕು.

ಇದರ ಬೆಲೆ ಜಗತ್ತಿಗೆ ಕೋವಿಡ್ ಕಾಲದಲ್ಲಿ ಗೊತ್ತಾಯಿತು. ಮೂಗಿನ ಸಾಮಾನ್ಯ ನಳಿಕೆಗೆ ನಿಮಿಷಕ್ಕೆ 1ರಿಂದ 6 ಲೀಟರ್ ಆಕ್ಸಿಜನ್ ಸಾಕು. ಹೈ ಫ್ಲೋ ಯಂತ್ರದಲ್ಲಿ ನಿಮಿಷಕ್ಕೆ 60 ಲೀಟರ್‌ವರೆಗೂ ಕೊಡಬಹುದು. ಅಷ್ಟೂ ಶುದ್ಧ ಆಕ್ಸಿಜನ್ ಆದರೆ, 7 ಘನ ಮೀಟರ್ ಹಿಡಿಯುವ ದೊಡ್ಡ ಸಿಲಿಂಡರ್ ಒಬ್ಬ ರೋಗಿಗೆ ಎರಡು ಗಂಟೆಯೂ ಬರುವುದಿಲ್ಲ. ಹಾಸಿಗೆ ಎಷ್ಟು ತುಂಬಿದೆ ಎಂದು ನೋಡಿ ಆಕ್ಸಿಜನ್ ಅಂದಾಜು ಮಾಡಿದರೆ ಲೆಕ್ಕ ತಪ್ಪುವುದು ಇಲ್ಲೇ. ಯಾವ ಹಾಸಿಗೆಗೆ ಎಷ್ಟು ಹರಿಯುತ್ತಿದೆ ಅನ್ನುವುದು ಮುಖ್ಯ.

ದೊಡ್ಡ ಆಸ್ಪತ್ರೆಗಳ ಹೊರಗೆ ಲಿಕ್ವಿಡ್ ಆಕ್ಸಿಜನ್ ಟ್ಯಾಂಕ್ ಇರುತ್ತದೆ. ಮೈನಸ್ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ಈ ದ್ರವದ ಒಂದು ಲೀಟರ್, ಸುಮಾರು 860 ಲೀಟರ್ ಅನಿಲವಾಗುತ್ತದೆ. ದ್ರವವನ್ನು ಅನಿಲ ಮಾಡುವುದು ಪಕ್ಕದಲ್ಲಿರುವ ವೇಪರೈಸರ್. ಸುತ್ತಲಿನ ಗಾಳಿಯ ಶಾಖವನ್ನೇ ಅದು ಎಳೆದುಕೊಳ್ಳುತ್ತದೆ. ಅದರ ಶಕ್ತಿಗಿಂತ ಜಾಸ್ತಿ ಆಕ್ಸಿಜನ್ ಎಳೆದರೆ ಅದರ ಮೇಲೆ ಮಂಜುಗಡ್ಡೆ ದಪ್ಪಗೆ ಕಟ್ಟುತ್ತದೆ, ಪೈಪಿನಲ್ಲಿ ಒತ್ತಡ ಕುಸಿಯುತ್ತದೆ. ಟ್ಯಾಂಕ್ ತುಂಬಾ ದ್ರವ ಇದ್ದೂ ವಾರ್ಡಿಗೆ ಆಕ್ಸಿಜನ್ ಸಾಲದ ಸ್ಥಿತಿ! ಅಲಾರಂ ಹೊಡೆಯುವ ಹೊತ್ತಿಗೆ ಕೈಯಲ್ಲಿ ಸಮಯ ಉಳಿದಿರುವುದಿಲ್ಲ. ಹರಿವಿನ ಮೀಟರ್ ಇದ್ದರೆ ಏರುತ್ತಿರುವ ಬಳಕೆ ಮೊದಲೇ ಕಾಣುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ನೈಟ್ರಸ್ ಆಕ್ಸೈಡ್. ಅರಿವಳಿಕೆಗೆ, ನೋವು ತಗ್ಗಿಸಲು ಬಳಸುವ ಅನಿಲ ಇದು. ಸಿಲಿಂಡರ್ ಒಳಗೆ ದ್ರವವಾಗಿರುತ್ತದೆ. ಆ ದ್ರವದ ಕೊನೆಯ ಹನಿ ಇರುವವರೆಗೂ ಗೇಜ್ ಸುಮಾರು 50 ಬಾರ್ ತೋರಿಸುತ್ತಲೇ ಇರುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಲು, ಅಡುಗೆ ಗ್ಯಾಸ್ ಸಿಲಿಂಡರಿನಂತೆ ತೂಕ ಹಾಕಿಯೇ ನೋಡಬೇಕು. ಹಾಗಾಗಿ ಸೋರಿಕೆ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಬ್ರಿಟನ್ನಿನ ಕೆಲವು ಆಸ್ಪತ್ರೆಗಳಲ್ಲಿ ಕೊಂಡ ನೈಟ್ರಸ್ ಎಷ್ಟು, ರೋಗಿಗಳಿಗೆ ಕೊಟ್ಟದ್ದು ಎಷ್ಟು ಎಂದು ತಾಳೆ ಹಾಕಿ ನೋಡಿದರು. ಕೊಂಡ ಅನಿಲದಲ್ಲಿ ಬಹುಪಾಲು, ರೋಗಿಗಳನ್ನು ಮುಟ್ಟಿರಲೇ ಇಲ್ಲ. ಭೂಮಿಯನ್ನು ಬಿಸಿ ಮಾಡುವುದರಲ್ಲಿ, ನೂರು ವರ್ಷದ ಲೆಕ್ಕದಲ್ಲಿ, ಈ ಅನಿಲ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಬಲಶಾಲಿ. ನೈಟ್ರಸ್ ಬರುವ ಪೈಪ್‌ಲೈನನ್ನೇ ಮುಚ್ಚಿ, ಅರಿವಳಿಕೆ ಯಂತ್ರಕ್ಕೆ ಸಣ್ಣ ಸಿಲಿಂಡರ್ ಜೋಡಿಸುವ ಆಸ್ಪತ್ರೆಗಳು ಈಗ ಹೆಚ್ಚುತ್ತಿವೆ. ಬೇಡದಾಗ ಸಿಲಿಂಡರಿನ ವಾಲ್ವ್ ಮುಚ್ಚಬಹುದು.

ನೈಟ್ರಸ್ ಪೈಪ್ ಉಳಿಸಿಕೊಂಡವರಿಗೂ ಸೋರಿಕೆ ಹುಡುಕಲು ಸುಲಭದ ದಾರಿ ಇದೆ. ನಡುರಾತ್ರಿ, ಯಾರೂ ಅದನ್ನು ಬಳಸದ ಹೊತ್ತಿನಲ್ಲಿ ಮೀಟರ್ ನೋಡಬೇಕು. ಆಗಲೂ ಹರಿವು ಇದ್ದರೆ ಅದು ಸೋರಿಕೆಯೇ.

ಆಕ್ಸಿಜನ್ ವಿಷಯದಲ್ಲಿ ಇಷ್ಟು ಸುಲಭವಿಲ್ಲ, ಅದರ ಹರಿವು ರಾತ್ರಿಯೂ ನಿಲ್ಲುವುದಿಲ್ಲ. ಹಾಸಿಗೆ ಹಾಸಿಗೆಯ ಫ್ಲೋಮೀಟರ್, ವೆಂಟಿಲೇಟರ್‌ಗಳ ಲೆಕ್ಕ ಕೂಡಿ, ವಾರ್ಡಿನ ಮೀಟರ್ ಜೊತೆ ಹೋಲಿಸಬೇಕು. ದೊಡ್ಡ ವ್ಯತ್ಯಾಸ ಬಂದರೆ ಹುಡುಕಾಟ ಶುರು. ಎಷ್ಟೋ ಸಲ ಪೈಪಿನ ತಪ್ಪೇ ಇರುವುದಿಲ್ಲ. ರೋಗಿ ಎದ್ದು ಹೋದ ಮೇಲೂ ಮಾಸ್ಕಿಗೆ ಆಕ್ಸಿಜನ್ ಸುಮ್ನೆ ಹರಿಯುತ್ತಿರುತ್ತದೆ. ನಿಮಿಷಕ್ಕೆ 10 ಲೀಟರಿನಂತೆ ಒಂದು ದಿನಕ್ಕೆ 14,400 ಲೀಟರ್, ಅಂದರೆ ಎರಡು ದೊಡ್ಡ ಸಿಲಿಂಡರ್. ಗಾಳಿ ಆಡದ ಕೋಣೆಯಾದರೆ ಬೆಂಕಿಯ ಅಪಾಯ ಬೇರೆ. ಗಾಳಿಯಲ್ಲಿ ಆಕ್ಸಿಜನ್ ಸುಮಾರು 21%. ಅದು 23.5% ದಾಟಿದರೆ ಅಪಾಯದ ಮಟ್ಟ ಎಂದು ಲೆಕ್ಕ. ಅಲ್ಲಿ ಬಟ್ಟೆ, ಹಾಸಿಗೆ ಬೇಗ ಹೊತ್ತಿಕೊಳ್ಳುತ್ತವೆ. ಮೀಟರಿನ ಅಂಕಿಗಳು ಖರೀದಿ ವಿಭಾಗದ ಫೈಲಿನಲ್ಲಿ ಉಳಿಯದೆ, ಪ್ರತಿ ಪಾಳಿಯಲ್ಲೂ ವಾರ್ಡಿನ ನರ್ಸ್‌ಗಳ ಕಣ್ಣಿಗೆ ಬೀಳಬೇಕು ಅನ್ನುವುದು ಇದಕ್ಕೇ. ತೆರೆದು ಬಿಟ್ಟ ಆ ಫ್ಲೋಮೀಟರ್ ಅವರ ಕೈಗೆಟಕುವ ದೂರದಲ್ಲೇ ಇರುತ್ತದೆ.